ಟಿಪ್ಪುವಿನ ಸೋಲು ಮಾಗಡಿ ಸೀಮೆಯಲ್ಲೇ ಆಗಿತ್ತು

ಟಿಪ್ಪು ಸುಲ್ತಾನನ ಪತನದ ಮಾತು ಬಂದಾಗಲೆಲ್ಲ ನಾವು ನೇರವಾಗಿ ಶ್ರೀರಂಗಪಟ್ಟಣಕ್ಕೆ ಹೋಗಿಬಿಡುತ್ತೇವೆ. 1799ರ ಮೇ 4ರ ಮಧ್ಯಾಹ್ನ, ಒಡೆದ ಕೋಟೆಗೋಡೆ, ಮಂತ್ರಿ ಮೀರ್ ಸಾದಿಕ್‌ನ ದ್ರೋಹದ ಕಥೆ, ಹೆಣಗಳ ನಡುವೆ ಸಿಕ್ಕ ಸುಲ್ತಾನನ ದೇಹ. ಪಠ್ಯಪುಸ್ತಕ ಹೇಳುವುದೂ ಇದನ್ನೇ, ರಂಗದ ಮೇಲೆ ಕಾಣುವುದೂ ಇದನ್ನೇ. ಆದರೆ ಅಂದು ಬಿದ್ದವನು ಏಳು ವರ್ಷಗಳ ಹಿಂದೆಯೇ ಅರ್ಧ ರಾಜ್ಯವನ್ನು ಬರೆದುಕೊಟ್ಟಿದ್ದ ಅರಸ. ಆ ಅರ್ಧ ಕೈಬಿಟ್ಟದ್ದು ಎಲ್ಲಿ, ಹೇಗೆ ಎಂದು ಹುಡುಕುತ್ತ ಹೋದರೆ ದಾರಿ ಶ್ರೀರಂಗಪಟ್ಟಣಕ್ಕಿಂತ ಮೊದಲೇ ನಿಲ್ಲುತ್ತದೆ. ಅದು ನಿಲ್ಲುವುದು ಮಾಗಡಿಯ ಸುತ್ತ. ಮಾಗಡಿಯ ಆಗ್ನೇಯಕ್ಕೆ ಸಾವನದುರ್ಗ, ಪಶ್ಚಿಮಕ್ಕೆ ಹುತ್ರಿದುರ್ಗ, ಅದರಾಚೆ ಹುಲಿಯೂರುದುರ್ಗ. ಕೆಳಗೆ ರಾಮನಗರದ ಬಳಿ ರಾಮಗಿರಿ, ಶಿವನಗಿರಿ. ಇನ್ನೂ ಕೆಳಗೆ ಅರ್ಕಾವತಿಯ ದಂಡೆಯಲ್ಲಿ ಕನಕಪುರ, ಪಶ್ಚಿಮದ ಹೆದ್ದಾರಿಯಲ್ಲಿ ಚನ್ನಪಟ್ಟಣ. ಬೆಂಗಳೂರಿಗೂ ಶ್ರೀರಂಗಪಟ್ಟಣಕ್ಕೂ ನಡುವೆ ಬಂಡೆ, ಕಾಡು, ಕಣಿವೆಗಳ ಈ ಸೀಮೆಯಲ್ಲೇ 1791ರ ಮೇ ತಿಂಗಳಿಂದ ಡಿಸೆಂಬರ್‌ವರೆಗೆ ಟಿಪ್ಪುವಿನ ಸೋಲು ತೀರ್ಮಾನವಾಯಿತು. ದಂಡಿನ ನಾಯಕನೇ ಅರಸನಾಗಿದ್ದ ರಾಜ್ಯವದು. ಆ ನಾಯಕ ರಾಜಧಾನಿ ಬಿಟ್ಟು ಕದಲದ ಆರು ತಿಂಗಳಲ್ಲಿ ಅದು ಸೋತಿತು. ಮೀರ್ ಸಾದಿಕ್‌ನ ದ್ರೋಹ ನಿಜವೋ ಸುಳ್ಳೋ, ಈ ಸೋಲಿಗೆ ಅದು ಬೇಕಾಗಿರಲಿಲ್ಲ.

ದಂಡಿನ ನಾಯಕನೇ ಅರಸನಾಗುವುದು ಮೈಸೂರಿಗೆ ಹೊಸದು. ಅದು ಎಷ್ಟು ಹೊಸದು ಎಂಬುದನ್ನು ಮಾಗಡಿಯ ಚರಿತ್ರೆಯೇ ತೋರಿಸುತ್ತದೆ. ಬಿಜಾಪುರದ ರಣದುಲ್ಲಾ ಖಾನ್ 1638ರಲ್ಲಿ ಬೆಂಗಳೂರನ್ನು ಕಿತ್ತುಕೊಂಡ ಮೇಲೆ ಕೆಂಪೇಗೌಡರ ಮನೆತನ ಮಾಗಡಿಗೆ ಬಂದು ನೆಲೆಸಿತು. ಸಾವನದುರ್ಗ ಅವರ ಕೊನೆಯ ಆಸರೆಯಾಯಿತು. 1728ರಲ್ಲಿ ಮೈಸೂರಿನ ದಳವಾಯಿ ದೇವರಾಜಯ್ಯ ಮಾಗಡಿಯ ಮೇಲೆ ದಂಡೆತ್ತಿ ಬಂದ. ಮುಮ್ಮಡಿ ಕೆಂಪವೀರಗೌಡ ಸೆರೆಯಾಗಿ ಶ್ರೀರಂಗಪಟ್ಟಣ ಸೇರಿದ, ಮಾಗಡಿಯ ಆಳ್ವಿಕೆ ಅಲ್ಲಿಗೆ ಮುಗಿಯಿತು. ಇಲ್ಲಿ ಯಾರು ಏನು ಮಾಡಿದರು ಎಂಬುದನ್ನು ಗಮನಿಸಬೇಕು. ಮೈಸೂರಿನ ಒಡೆಯರು ರಾಜಧಾನಿಯಲ್ಲೇ ಇದ್ದರು, ದಂಡು ಹೊರಟದ್ದು ದಳವಾಯಿಯ ಕೈಯಲ್ಲಿ. ದಳವಾಯಿ ಸೋತಿದ್ದರೂ ಅರಮನೆ ಉಳಿಯುತ್ತಿತ್ತು. ಮಾಗಡಿಯಲ್ಲಿ ಹಾಗಿರಲಿಲ್ಲ. ಗೌಡನೇ ಅರಸ, ಗೌಡನೇ ಕೋಟೆಯ ಒಡೆಯ, ಅವನು ಸಿಕ್ಕಿಬಿದ್ದ ದಿನವೇ ನಾಡೂ ಹೋಯಿತು. ಮೂವತ್ತಮೂರು ವರ್ಷಗಳ ನಂತರ, 1761ರಲ್ಲಿ, ಸಾಮಾನ್ಯ ಸೈನಿಕನಾಗಿ ಶುರುಮಾಡಿದ್ದ ಹೈದರ್ ಅಲಿ ಮೈಸೂರಿನ ಆಡಳಿತವನ್ನು ಕೈಗೆ ತೆಗೆದುಕೊಂಡಾಗ ದಳವಾಯಿ ಮತ್ತು ದೊರೆ ಒಂದೇ ಮೈಯಲ್ಲಿ ಸೇರಿಕೊಂಡರು. ಒಡೆಯರನ್ನು ಹೈದರ್ ಹೆಸರಿಗಾದರೂ ಗಾದಿಯ ಮೇಲೆ ಉಳಿಸಿಕೊಂಡಿದ್ದ. ಅವನ ಮಗ ಪಾದಶಹ ಎಂದು ಕರೆಸಿಕೊಂಡು ಆ ತೆರೆಯನ್ನೂ ತೆಗೆದುಹಾಕಿದ. ಅಲ್ಲಿಂದ ಮುಂದೆ ಮೈಸೂರಿನ ಭಾರವೆಲ್ಲ ಒಬ್ಬನ ಹೆಗಲ ಮೇಲೆ ಬಿತ್ತು. ಅವನು ಎಲ್ಲಿರುತ್ತಾನೋ ರಾಜ್ಯದ ಬಲವೂ ಅಲ್ಲೇ.

ಆ ಬಲ ಕೋಟೆಗಳಲ್ಲಿ ಇರಲಿಲ್ಲ, ನಡಿಗೆಯಲ್ಲಿತ್ತು. ನಮ್ಮ ಹಳೇ ಮೈಸೂರಿನ ರೈತರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ, ಯಾಕೆಂದರೆ ಆ ನಡಿಗೆಯ ಗುಟ್ಟು ಇಂದಿಗೂ ಅವರ ಕೊಟ್ಟಿಗೆಯಲ್ಲಿದೆ. ಮಾಗಡಿ, ರಾಮನಗರ, ಕುಣಿಗಲ್ ಕಡೆಯ ಹಳ್ಳಿಕಾರ್ ಎತ್ತು, ಅದೇ ರಕ್ತದ ಅಮೃತಮಹಲ್ ಎತ್ತು: ಉದ್ದನೆಯ ಕೊಂಬು, ಬಿಗಿಯಾದ ಮೈ, ಗಟ್ಟಿ ಗೊರಸು, ಕುದುರೆಯ ಜೊತೆಗೆ ಹೆಜ್ಜೆ ಹಾಕಬಲ್ಲ ವೇಗ. ಮೈಸೂರು ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎನಿಸಿಕೊಂಡಿದ್ದ ದನದ ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟು, ಕಾವಲುಗಳನ್ನು ಗೊತ್ತುಮಾಡಿ ಅದನ್ನು ದಂಡಿನ ಅಂಗವಾಗಿ ಬೆಳೆಸಿದವನು ಟಿಪ್ಪು. ಈ ಎತ್ತುಗಳ ಬಲದಿಂದಲೇ ಹೈದರ್ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದು ಚಿದಂಬರಕ್ಕೆ ನೆರವಾದ ಎಂದು ಮೈಸೂರಿನ ಗೆಜೆಟಿಯರ್ ದಾಖಲಿಸುತ್ತದೆ. ಬಿದನೂರನ್ನು ಮರಳಿ ಪಡೆಯಲು ಟಿಪ್ಪು ಒಂದು ತಿಂಗಳೊಳಗೆ ದಕ್ಷಿಣ ಭಾರತವನ್ನು ಅಡ್ಡಹಾಯ್ದ ಎಂದೂ ಅದರಲ್ಲಿದೆ. ಈಸ್ಟ್ ಇಂಡಿಯಾ ಕಂಪನಿಯ ಫಿರಂಗಿ ಗಾಡಿಗೆ ಹೂಡುತ್ತಿದ್ದ ಕರ್ನಾಟಿಕ್ ಬಯಲಿನ ಎತ್ತುಗಳಿಗೆ ಈ ಕಸುವು ಇರಲಿಲ್ಲ. ಹೈದರ್ 1769ರಲ್ಲಿ ಮದರಾಸಿನ ಬಾಗಿಲಿಗೇ ಹೋಗಿ ನಿಂತು ಒಪ್ಪಂದ ಬರೆಸಿಕೊಂಡದ್ದೂ ಈ ವೇಗದಿಂದಲೇ. 1790ರಲ್ಲಿ ಮೂರನೆಯ ಮೈಸೂರು ಯುದ್ಧ ಶುರುವಾದಾಗ ಟಿಪ್ಪು ಸಹ ಅಪ್ಪನ ಹಾದಿಯಲ್ಲೇ ನಡೆದ. ಜನರಲ್ ಮೆಡೋಸ್ ಕೊಯಮತ್ತೂರು ಕಡೆಯಿಂದ ಬರಲು ಹೊರಟರೆ, ಟಿಪ್ಪು ಗಜ್ಜಲಹಟ್ಟಿ ಕಣಿವೆಯಲ್ಲಿ ಇಳಿದು ಅವನ ತುಕಡಿಗಳನ್ನು ಚದುರಿಸಿ, ಬಯಲಿಗೆ ಹಾರಿ, ತಿರುಚಿನಾಪಳ್ಳಿಯನ್ನು ಬೆದರಿಸಿ ಪಾಂಡಿಚೇರಿಯವರೆಗೆ ಹೋಗಿಬಂದ. ಆ ವರ್ಷ ಯುದ್ಧ ಕಂಪನಿಯ ನೆಲದಲ್ಲೇ ನಡೆಯಿತು, ಗೆಲುವಿನ ಕಡೆ ಇದ್ದವನು ಟಿಪ್ಪು.

ಗವರ್ನರ್ ಜನರಲ್ ಕಾರ್ನ್‌ವಾಲಿಸ್ ತಾನೇ ಸೇನೆಯ ಮುಂದಾಳಾಗಿ ಬಂದ ಮೇಲೆ ಈ ಚಿತ್ರ ತಿರುಗಿತು. 1791ರ ಫೆಬ್ರವರಿಯಲ್ಲಿ ಅವನು ಮುಗಳಿ ಕಣಿವೆ ಹತ್ತಿ ಹೆಚ್ಚು ವಿರೋಧವೇ ಇಲ್ಲದೆ ಮೈಸೂರಿನ ಬಯಲಿಗೆ ಬಂದ. ಅಂಥ ಕಣಿವೆಯಲ್ಲಿ ಟಿಪ್ಪು ಅವನನ್ನು ತಡೆಯಬೇಕಿತ್ತು. ಆ ಹೊತ್ತಿನಲ್ಲಿ ಅವನ ಗಮನವಿದ್ದದ್ದು ಬೆಂಗಳೂರಿನಲ್ಲಿದ್ದ ತನ್ನ ಜನಾನಾ ಮತ್ತು ಖಜಾನೆಯನ್ನು ಸಾಗಿಸುವುದರ ಮೇಲೆ ಎಂದು ಇತಿಹಾಸಕಾರ ವಿಲ್ಕ್ಸ್ ಬರೆದಿದ್ದಾನೆ. ವಿಲ್ಕ್ಸ್ ಕಂಪನಿಯ ಮನುಷ್ಯ, ಟಿಪ್ಪುವಿನ ಬಗ್ಗೆ ಅವನ ಕಟುಮಾತುಗಳನ್ನೆಲ್ಲ ನಂಬಬೇಕಿಲ್ಲ. ಆದರೆ ಕಣಿವೆಯಲ್ಲಿ ತಡೆ ಇರಲಿಲ್ಲ ಎಂಬುದು ಅಭಿಪ್ರಾಯವಲ್ಲ, ನಡೆದ ಸಂಗತಿ. ಮಾರ್ಚ್ 7ರಂದು ಬೆಂಗಳೂರು ಪೇಟೆ ಬಿತ್ತು, 21ರ ರಾತ್ರಿ ಕೋಟೆ ಬಿತ್ತು, ಕಿಲ್ಲೇದಾರ ಬಹಾದ್ದೂರ್ ಖಾನ್ ಕಾದಾಡುತ್ತಲೇ ಸತ್ತ. ಟಿಪ್ಪುವಿನ ದಂಡು ಹತ್ತಿರದಲ್ಲೇ ಇತ್ತು, ಒಳಗೆ ಬರಲಿಲ್ಲ. ಅರಸನೂ ಸೇನಾನಿಯೂ ಒಬ್ಬನೇ ಆದಾಗ ಹುಟ್ಟುವ ತೊಡಕು ಇಲ್ಲಿ ಮೊದಲ ಸಲ ಎದ್ದು ಕಾಣುತ್ತದೆ. ಸೇನಾನಿ ಕಣಿವೆಯಲ್ಲಿರಬೇಕಾದ ದಿನ ಅರಸ ತನ್ನ ಮನೆಯನ್ನು ಕಾಯಬೇಕಾಯಿತು.

ಬೆಂಗಳೂರು ಬಿದ್ದ ಮೇಲೆ ಇನ್ನೇನು ಉಳಿಯಿತು ಎಂದು ಕೇಳುವವರಿದ್ದಾರೆ. ಮೈಸೂರಿನ ಸೋಲು ಅಲ್ಲಿಯೇ ಆಗಿಹೋಯಿತು ಎಂಬ ಮಾತಿಗೆ ಬಲವೂ ಇದೆ, ಯಾಕೆಂದರೆ ಬಯಲುಸೀಮೆಯ ದೊಡ್ಡ ಉಗ್ರಾಣ, ಆಯುಧ ಕಾರ್ಖಾನೆ ಎಲ್ಲವೂ ಕಂಪನಿಯ ಪಾಲಾದವು. ಆದರೆ ಮುಂದಿನ ಎರಡು ತಿಂಗಳು ಈ ವಾದಕ್ಕೆ ವಿರುದ್ಧ ಸಾಕ್ಷಿ ಹೇಳುತ್ತವೆ. ಮೇ ಮೊದಲ ವಾರ ಕಾರ್ನ್‌ವಾಲಿಸ್ ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೊರಟ. ಹತ್ತಿರದ ದಾರಿ ಚನ್ನಪಟ್ಟಣದ ಮೇಲೆ ಹೋಗುತ್ತಿತ್ತು. ಟಿಪ್ಪು ಆ ದಾರಿಯ ಊರುಗಳನ್ನು ಖಾಲಿ ಮಾಡಿಸಿ, ಮೇವು ಸುಡಿಸಿ ಬರಿದು ಮಾಡಿದ್ದ. ಹಾಗಾಗಿ ಕಾರ್ನ್‌ವಾಲಿಸ್ ದಕ್ಷಿಣಕ್ಕೆ ತಿರುಗಿ ಕನಕಪುರದ ಕಾಡುದಾರಿ ಹಿಡಿದ. ಅಲ್ಲಿಯೂ ಹಾಗೇ ಆಗಿತ್ತು. ಕಾನಕಾನಹಳ್ಳಿ ಎನ್ನಿಸಿಕೊಂಡಿದ್ದ ಆ ಊರನ್ನು ಕಂಪನಿಯ ದಂಡಿಗೆ ಉಪಯೋಗವಾಗದಿರಲೆಂದು ಟಿಪ್ಪು ಎರಡು ಬಾರಿ ನಾಶಮಾಡಿಸಿದ ಎಂದು ಗೆಜೆಟಿಯರ್ ಹೇಳುತ್ತದೆ. ಇದರ ಅರ್ಥವನ್ನು ಹಳ್ಳಿಯ ಮಟ್ಟದಲ್ಲಿ ನೋಡಬೇಕು. ಬೇಸಿಗೆಯ ಕೊನೆ, ಕೆರೆಗಳು ತಳ ಕಂಡ ಕಾಲ. ರೈತನ ಬಣವೆಯಲ್ಲಿ ಉಳಿದ ಹುಲ್ಲು ಮಳೆ ಹಿಡಿಯುವವರೆಗೆ ಅವನ ದನಕ್ಕೆ ಬೇಕು. ಅದಕ್ಕೆ ಬೆಂಕಿ ಬಿತ್ತು. ರಾಗಿ ಹಗೇವಿನೊಳಗೆ ಬೆಂಕಿಗೆ ಸಿಗದೆ ಉಳಿಯಬಹುದು, ನಮ್ಮ ಕಡೆ ರಾಗಿ ನೆಲದಡಿಯಲ್ಲಿ ವರ್ಷಗಟ್ಟಲೆ ಕೆಡದೆ ಇರುತ್ತದೆ. ಹುಲ್ಲು ಹಾಗಲ್ಲ. ಹುಲ್ಲಿಲ್ಲದ ದಾರಿಯಲ್ಲಿ ಮುತ್ತಿಗೆಯ ಭಾರಿ ಫಿರಂಗಿಗಳನ್ನು, ಒಂದೊಂದಕ್ಕೆ ಹತ್ತಾರು ಜೊತೆ ಎತ್ತು ಹೂಡಿ ಎಳೆಸಿಕೊಂಡು ಕಾರ್ನ್‌ವಾಲಿಸ್ ಅರಕೆರೆ ತಲುಪಿದ. ಮೇ 15ರಂದು ಶ್ರೀರಂಗಪಟ್ಟಣದ ಎದುರೇ ಕಾಳಗವಾಯಿತು, ಅದರಲ್ಲಿ ಗೆದ್ದ. ಗೆದ್ದರೂ ಕೋಟೆಯನ್ನು ಮುಟ್ಟಲಾಗಲಿಲ್ಲ. ಎತ್ತುಗಳು ಹಸಿವಿಗೂ ರೋಗಕ್ಕೂ ಸಾಲುಸಾಲಾಗಿ ಸತ್ತವು, ಮುಂಗಾರು ಮೊದಲೇ ಬಂತು, ಕಾವೇರಿ ಏರಿತು. ಮೇ 22ರಂದು ಕನ್ನಂಬಾಡಿಯ ಬಳಿ ತಾನು ಅಷ್ಟು ಕಷ್ಟಪಟ್ಟು ತಂದ ಫಿರಂಗಿಗಳನ್ನು ಕಾರ್ನ್‌ವಾಲಿಸ್ ತಾನೇ ಒಡೆಸಿ ಹಾಕಿದ. ಮಲಬಾರಿನಿಂದ ಪಿರಿಯಾಪಟ್ಟಣದವರೆಗೆ ಬಂದಿದ್ದ ಕಂಪನಿಯ ಸೇನಾನಿ ಅಬರ್‌ಕ್ರಾಂಬಿಯೂ ಹಿಂದೆ ಸರಿದ. ಬೆಂಗಳೂರು ಕೈಯಲ್ಲಿತ್ತು, ಕಾಳಗ ಗೆದ್ದಾಗಿತ್ತು, ಆದರೂ ಕಂಪನಿ ಬರಿಗೈಯಲ್ಲಿ ಮರಳಿತು. ಬೆಂಗಳೂರಿನ ಕೋಟೆಯೇ ಎಲ್ಲವನ್ನೂ ತೀರ್ಮಾನಿಸಿದ್ದರೆ ಹೀಗೆ ಆಗುತ್ತಿರಲಿಲ್ಲ. ತೀರ್ಮಾನಿಸುವ ಶಕ್ತಿ ಇದ್ದದ್ದು ನಡುವಿನ ಅರವತ್ತು ಎಪ್ಪತ್ತು ಮೈಲಿಗಳ ನೆಲಕ್ಕೆ.

ಮರಾಠರೂ ನಿಜಾಮನೂ ಕೂಡಿದ್ದರಿಂದ ಸೋಲು ತಪ್ಪುವಂತಿರಲಿಲ್ಲ ಎಂಬುದು ಇನ್ನೊಂದು ವಾದ. ಮೂರು ದಂಡುಗಳ ಎದುರು ಒಂದು ದಂಡು ಎಷ್ಟು ದಿನ ನಿಲ್ಲಬಲ್ಲದು? ಈ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಆದರೆ ಸುಟ್ಟ ದಾರಿಯಲ್ಲಿ ಹೆಚ್ಚು ಜನ ಎಂದರೆ ಹೆಚ್ಚು ಹಸಿವು ಎಂಬುದನ್ನು ಮೇ ತಿಂಗಳೇ ತೋರಿಸಿತ್ತು. ನಿಜಾಮನ ಸಾವಿರಾರು ಕುದುರೆಗಳು ಕಂಪನಿಯ ದಂಡನ್ನು ಕೂಡಿಕೊಂಡು ಇದ್ದಬದ್ದ ಮೇವನ್ನು ತಿಂದು ಹಾಕಿದವು, ಕಾದಾಟಕ್ಕೆ ಹೆಚ್ಚೇನೂ ಒದಗಲಿಲ್ಲ. ಹರಿಪಂತ ಮತ್ತು ಪರಶುರಾಮ ಭಾವೂ ಅವರ ಮರಾಠಾ ದಂಡು ಬಂದು ಮುಟ್ಟಿದ್ದು ಫಿರಂಗಿಗಳನ್ನು ಒಡೆದ ಮೇಲೆ, ಮೇ 26ರಂದು. ಅಂದು ಮರಾಠರ ಸಂತೆಯಲ್ಲಿ ಸಿಕ್ಕ ಧಾನ್ಯದಿಂದ ಕಂಪನಿಯ ಸಿಪಾಯಿಗಳು ಬದುಕಿಕೊಂಡರು. ಮಿತ್ರರ ಸಂಖ್ಯೆ ಬಲವಾಗಬೇಕಾದರೆ ಮೊದಲು ದಾರಿ ಭದ್ರವಾಗಬೇಕು, ದಾರಿ ಭದ್ರವಾಗಬೇಕಾದರೆ ಅದರ ಮೇಲೆ ಕಣ್ಣಿಟ್ಟು ಕೂತ ಬೆಟ್ಟದ ಕೋಟೆಗಳು ಬೀಳಬೇಕು. ಮರಳುವ ದಾರಿಯಲ್ಲೇ, ಜೂನ್‌ನಲ್ಲಿ, ಕಾರ್ನ್‌ವಾಲಿಸ್ ಹುಲಿಯೂರುದುರ್ಗವನ್ನು ಶರಣಾಗಿಸಿಕೊಂಡು ಅದರ ಗೋಡೆಗಳನ್ನು ಕೆಡವಿಸಿದ. ಈ ಸೀಮೆಯ ಮಹತ್ವ ಅವನಿಗೆ ಗೊತ್ತಾಗಿತ್ತು.

ಟಿಪ್ಪುವಿಗೆ ಹೀಗೆ ಆರು ತಿಂಗಳು ದಕ್ಕಿದವು. ಸುಟ್ಟ ಹುಲ್ಲಿನ ಬಣವೆಯ, ಸುಟ್ಟ ಕನಕಪುರದ ಬೆಲೆ ತೆತ್ತು ದೊರೆತ ಆರು ತಿಂಗಳು ಅವು. ಎರಡೂ ಕಡೆಯವರು ಅವನ್ನು ಹೇಗೆ ಬಳಸಿದರು ಎಂಬುದೇ ಈ ಯುದ್ಧದ ತಿರುಳು. ಕಾರ್ನ್‌ವಾಲಿಸ್ ಜುಲೈನಲ್ಲಿ ಹೊಸೂರು ಹಿಡಿದು ಬಾರಾಮಹಲಿನ ಘಟ್ಟದ ದಾರಿ ತೆರೆದ. ಅಕ್ಟೋಬರ್ 19ರ ಹೊತ್ತಿಗೆ ನಂದಿದುರ್ಗ ಹಿಡಿದು ಉತ್ತರದ ದಾರಿ ತೆರೆದ. ಎಲ್ಲಕ್ಕಿಂತ ಮಿಗಿಲಾಗಿ, ಸರಕಾರದ ಎತ್ತಿನ ಗುತ್ತಿಗೆಯನ್ನು ನೆಚ್ಚುವುದು ಬಿಟ್ಟು ಬಣಜಾರರನ್ನು ಒಲಿಸಿಕೊಂಡ. ನಾವು ಲಂಬಾಣಿಗಳು ಎನ್ನುವ ಈ ಜನ ಹೇರೆತ್ತುಗಳ ಮೇಲೆ ಧಾನ್ಯ ಹೇರಿಕೊಂಡು ಯಾವ ದಂಡು ಬೆಲೆ ಕೊಡುತ್ತದೋ ಅಲ್ಲಿಗೆ ಸಾಗಿಸುತ್ತಿದ್ದರು. ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್ ಈ ಸರಬರಾಜನ್ನೂ ಗುಪ್ತ ವರ್ತಮಾನದ ಕೆಲಸವನ್ನೂ ಒಟ್ಟಿಗೆ ನೋಡಿಕೊಂಡ. ಮೇ ತಿಂಗಳಲ್ಲಿ ಕಾಲು ಮುರಿದಿದ್ದ ದಂಡು ನವೆಂಬರ್ ಹೊತ್ತಿಗೆ ಹೊಟ್ಟೆ ತುಂಬಿಕೊಂಡು ಎದ್ದು ನಿಂತಿತು. ಟಿಪ್ಪುವಿನ ಕಡೆಯಲ್ಲಿ ಆದದ್ದೇನು? ಅವನು ಶ್ರೀರಂಗಪಟ್ಟಣದ ಗೋಡೆ, ಬುರುಜು, ಹೊರಕೋಟೆಗಳನ್ನು ಬಲಪಡಿಸುತ್ತ ಅಲ್ಲೇ ಉಳಿದ. ದಂಡು ಕಳಿಸಲಿಲ್ಲವೆಂದಲ್ಲ, ಕಳಿಸಿದ. ಖಮರುದ್ದೀನ್ ಖಾನ್ ಕೊಯಮತ್ತೂರಿಗೆ ಹೋಗಿ ನವೆಂಬರ್ 3ರಂದು ಅದನ್ನು ಗೆದ್ದ. ಮಗ ಫತೇಹೈದರ್ ಡಿಸೆಂಬರ್‌ನಲ್ಲಿ ಗುರ್ರಂಕೊಂಡದ ಬಳಿ ನಿಜಾಮನ ಪಡೆಯನ್ನು ಸೋಲಿಸಿದ. ಇನ್ನೊಂದು ದಂಡು ಶಿವಮೊಗ್ಗದ ಕಡೆ ಪರಶುರಾಮ ಭಾವೂನನ್ನು ಎದುರಿಸಿ ಡಿಸೆಂಬರ್ ಕೊನೆಯಲ್ಲಿ ಚೂರಾಯಿತು. ಮೂರೂ ರಾಜ್ಯದ ಮೂರು ಅಂಚುಗಳಲ್ಲಿ. ಎದೆಯ ಮೇಲೆ, ಬೆಂಗಳೂರು ಮತ್ತು ಶ್ರೀರಂಗಪಟ್ಟಣದ ನಡುವೆ, ಓಡಾಡುವ ದಂಡೇ ಇರಲಿಲ್ಲ. ಕೊಯಮತ್ತೂರಿನ ಗೆಲುವಿನಿಂದ ಕಾರ್ನ್‌ವಾಲಿಸ್‌ನ ಒಂದು ಮೂಟೆ ಅಕ್ಕಿಯೂ ನಿಲ್ಲಲಿಲ್ಲ.

ಈ ಖಾಲಿ ಜಾಗದ ನಡುವೆ ಸಾವನದುರ್ಗ ಒಂಟಿಯಾಗಿ ನಿಂತಿತ್ತು. ಸಮುದ್ರ ಮಟ್ಟದಿಂದ ನಾಲ್ಕು ಸಾವಿರ ಅಡಿಗೂ ಮಿಕ್ಕ ಎತ್ತರ. ಬರಿಗಲ್ಲು. ಮೇಲೆ ನಡುವಿನ ಕಮರಿಯಿಂದ ಎರಡಾಗಿ ಸೀಳಿದ ತಲೆಗಳು, ಜನ ಕರಿಗುಡ್ಡ, ಬಿಳಿಗುಡ್ಡ ಎನ್ನುತ್ತಾರೆ. ಒಂದು ಬಿದ್ದರೂ ಇನ್ನೊಂದರಿಂದ ಕಾದಾಡಬಹುದು. ಬುಡದ ಸುತ್ತ ಮೈಲಿಗಟ್ಟಲೆ ಬಿದಿರು ಮೆಳೆ, ಮುಳ್ಳುಕಂಟಿ. ಕೋಟೆಗಿಂತ ಕಾಡಿನ ಜ್ವರಕ್ಕೇ ಹೊರಗಿನವರು ಹೆಚ್ಚು ಹೆದರುತ್ತಿದ್ದರು. ಕಂಪನಿಯ ದಂಡು ಅದನ್ನು ಮುತ್ತಿದ ಸುದ್ದಿ ಕೇಳಿ ಟಿಪ್ಪು ಸಂತೋಷಪಟ್ಟ, ಅರ್ಧ ಬಿಳಿಯರು ರೋಗದಿಂದಲೂ ಉಳಿದರ್ಧ ಲಗ್ಗೆಯಲ್ಲೂ ಸಾಯುತ್ತಾರೆಂದು ನಂಬಿದ್ದ ಎಂದು ಅಂದು ಆ ದಂಡಿನಲ್ಲೇ ಇದ್ದ ಮೇಜರ್ ಡಿರೋಮ್ ಬರೆದಿದ್ದಾನೆ. ಶತ್ರುವಿನ ಕಡೆಯ ಬರಹವಾದರೂ ಈ ಮಾತು ಸುಳ್ಳೆನ್ನಿಸುವುದಿಲ್ಲ, ಟಿಪ್ಪುವಿನ ನಡೆ ಅದಕ್ಕೆ ಒಪ್ಪುವಂತೆಯೇ ಇದೆ. ಕಲ್ಲು ತನ್ನ ಕೆಲಸ ಮಾಡುತ್ತದೆ, ತಾನು ಬರಬೇಕಾಗಿಲ್ಲ ಎಂದು ಅವನು ತಿಳಿದಿದ್ದ. ಡಿಸೆಂಬರ್ 10ರಂದು ಕರ್ನಲ್ ಸ್ಟುವರ್ಟ್ ಬೆಟ್ಟದ ಉತ್ತರಕ್ಕೆ ಬಿಡಾರ ಹೂಡಿದ. ಬಿದಿರು ಕಡಿದು ದಾರಿ ಮಾಡಿದರು, ಬಂಡೆಗಳ ಮೇಲೆ ಫಿರಂಗಿಗಳನ್ನು ಜನ ಹಗ್ಗ ಕಟ್ಟಿ ಎಳೆದರೆ ಆನೆಗಳು ಹಿಂದಿನಿಂದ ತಲೆಯೊಡ್ಡಿ ನೂಕಿದವು. 17ರಂದು ಗುಂಡಿನ ಸುರಿಮಳೆ ಶುರುವಾಯಿತು. ಕೆಳಗಿನ ಗೋಡೆಯಲ್ಲಿ ಮೂರು ನಾಲ್ಕು ದಿನಗಳಲ್ಲೇ ಬಿರುಕು ಬಾಯಿ ಬಿಟ್ಟಿತು. ಒಳಗಿದ್ದವರಿಗೆ ಹೊರಗಿನಿಂದ ಒಬ್ಬ ಸವಾರನ ನೆರವೂ ಬರಲಿಲ್ಲ.

ಡಿಸೆಂಬರ್ 21ರ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಸನ್ನೆಯ ಗುಂಡು ಹಾರಿತು. ಕಾರ್ನ್‌ವಾಲಿಸ್, ಮೆಡೋಸ್ ಇಬ್ಬರೂ ನೋಡುತ್ತಿದ್ದರು, ಬ್ಯಾಂಡು ಬಾರಿಸುತ್ತಿತ್ತು, ಕರ್ನಲ್ ನಿಸ್ಬೆಟ್‌ನ ಮುಂದಾಳುತನದಲ್ಲಿ ಸೈನಿಕರು ಬಿರುಕಿನತ್ತ ಏರಿದರು. ಅಲ್ಲಿ ನಿಂತು ಕಾಯಬೇಕಾದವರು ಬೆದರಿ ಮೇಲಕ್ಕೆ ಓಡಿದರು. ಓಡುವವರೂ ಅಟ್ಟುವವರೂ ಒಂದಾಗಿ ಒಳಬಾಗಿಲಿಗೆ ನುಗ್ಗಿದ್ದರಿಂದ ಬಾಗಿಲು ಮುಚ್ಚಲೂ ಆಗಲಿಲ್ಲ. ನೂರಕ್ಕೂ ಹೆಚ್ಚು ಮಂದಿ ಸತ್ತರು, ಎಷ್ಟೋ ಜನ ಬಂಡೆಯಿಂದ ಜಾರಿ ಬಿದ್ದರು. ಎರಡು ತಲೆಯ ದುರ್ಗ ಒಂದು ಗಂಟೆಯೊಳಗೆ ಬಿತ್ತು. ಏರಿದವರಲ್ಲಿ ಗಾಯಗೊಂಡವನು ಒಬ್ಬನೇ ಒಬ್ಬ ಎಂದು ಕಂಪನಿಯ ದಾಖಲೆ ಹೇಳುತ್ತದೆ. ಮೂರೇ ದಿನದಲ್ಲಿ, 24ರಂದು, ಹುತ್ರಿದುರ್ಗವನ್ನೂ ಏಣಿ ಹಾಕಿ ಹತ್ತಿ ಹಿಡಿದರು. ರಾಮಗಿರಿ, ಶಿವನಗಿರಿಗಳು ಕ್ಯಾಪ್ಟನ್ ವೆಲ್ಷ್‌ಗೆ ಹೆಚ್ಚು ಹೋರಾಟವಿಲ್ಲದೆ ಶರಣಾದವು. ಒಂದೇ ವಾರದೊಳಗೆ ಈ ಸೀಮೆಯ ಬೆಟ್ಟಗಳೆಲ್ಲ ಕೈಬದಲಾದವು. ಇದನ್ನು ಕಾವಲಿನವರ ಹೇಡಿತನ ಎಂದು ಬರೆದವರಿದ್ದಾರೆ. ಆ ತೀರ್ಪು ಅನ್ಯಾಯದ್ದು. ಒಂಬತ್ತು ತಿಂಗಳ ಹಿಂದೆ ಬೆಂಗಳೂರಿನ ಕೋಟೆಯಲ್ಲಿ ಇಂಥದೇ ಜನ ಹೆಜ್ಜೆಗೊಂದು ಹೆಣ ಬೀಳುವಂತೆ ಹೋರಾಡಿದ್ದರು. ಅಲ್ಲಿ ತಮ್ಮ ಸುಲ್ತಾನನ ದಂಡು ಕಣ್ಣಳತೆಯಲ್ಲಿದೆ ಎಂಬ ಭರವಸೆಯಿತ್ತು. ಸಾವನದುರ್ಗದ ನೆತ್ತಿಯಿಂದ ಹನ್ನೊಂದು ದಿನ ಅವರಿಗೆ ಕಂಡದ್ದು ಶತ್ರುವಿನ ಡೇರೆಗಳು ಮಾತ್ರ.

ಟಿಪ್ಪು ಬಂದಿದ್ದರೆ ತಾನೇ ಏನಾಗುತ್ತಿತ್ತು ಎಂದು ಕೇಳಬಹುದು. ಮುತ್ತಿಗೆಯ ತುಕಡಿಗೂ ಶ್ರೀರಂಗಪಟ್ಟಣಕ್ಕೂ ನಡುವೆ ಕಾರ್ನ್‌ವಾಲಿಸ್ ಮುಖ್ಯ ದಂಡನ್ನು ಇಟ್ಟುಕೊಂಡು ದಾರಿ ಕಾಯುತ್ತಿದ್ದ. ಬಯಲ ಕಾಳಗಕ್ಕೆ ಬಂದಿದ್ದರೆ ಟಿಪ್ಪು ಮೇ 15ರಂತೆಯೇ ಸೋಲುತ್ತಿದ್ದನೇನೋ. ನನ್ನ ವಾದಕ್ಕೆ ಇದೇ ಅತ್ಯಂತ ಗಟ್ಟಿಯಾದ ಆಕ್ಷೇಪ. ಮರಾಠಾ ಸವಾರರು ಜೊತೆಗಿದ್ದುದರಿಂದ ಡಿಸೆಂಬರ್‌ನಲ್ಲಿ ಸಾಗಣೆಯ ಮೇಲೆ ಬೀಳುವುದು ಮೇ ತಿಂಗಳಷ್ಟು ಸುಲಭವಿರಲಿಲ್ಲ ಎಂಬುದನ್ನೂ ಒಪ್ಪಬೇಕು. ಆದರೆ ಟಿಪ್ಪುವಿಗೆ ಬೇಕಾಗಿದ್ದದ್ದು ಕಾಳಗವಲ್ಲ. ಬಣಜಾರರ ಸಾಲು ಬೆಂಗಳೂರಿನಿಂದ ಮಾಗಡಿಯವರೆಗೆ ಉದ್ದಕ್ಕೆ ಚಾಚಿಕೊಂಡಿತ್ತು. ಆ ಸಾಲನ್ನು ಅಲ್ಲಲ್ಲಿ ಕತ್ತರಿಸಿದ್ದರೂ ಸಾಕಿತ್ತು. ಬೆಲೆ ಸಿಗುವ ಕಡೆ ಹೋಗುವ ಬಣಜಾರ, ಎತ್ತು ಕಳೆದುಕೊಳ್ಳುವ ಕಡೆ ಹೋಗುವವನಲ್ಲ. ಆ ಕೆಲಸಕ್ಕೆ ಬೇಕಾದ ಹಗುರ ಕುದುರೆ ಸವಾರರು, ನಾಡಿನ ಕಣಿವೆ ಕಣಿವೆ ಗೊತ್ತಿದ್ದವರು, ಟಿಪ್ಪುವಿನ ಬಳಿ ಬೇಕಾದಷ್ಟಿದ್ದರು. ಅವರನ್ನು ನಡೆಸುವ ಚಾತುರ್ಯ ಅವನಲ್ಲೂ ಇತ್ತು, 1790ರ ವರ್ಷ ಅದಕ್ಕೆ ಸಾಕ್ಷಿ. ಜೂನ್‌ನಿಂದ ನವೆಂಬರ್‌ವರೆಗೆ, ಕಾರ್ನ್‌ವಾಲಿಸ್ ದಂಡನ್ನು ಹೊಲಿದು ಜೋಡಿಸುತ್ತಿದ್ದಾಗ, ಆ ಕೆಲಸ ಬಿಡದೆ ನಡೆಯಬೇಕಿತ್ತು. ನಡೆಯಲಿಲ್ಲ, ಯಾಕೆಂದರೆ ರಾಜಧಾನಿಯಲ್ಲಿ ಖಜಾನೆಯಿತ್ತು, ಕುಟುಂಬವಿತ್ತು, ಗಾದಿ ಕಳೆದುಕೊಂಡ ಒಡೆಯರ ಮನೆತನವಿತ್ತು. ರಾಣಿ ಲಕ್ಷ್ಮಮ್ಮಣ್ಣಿ ವರ್ಷಗಳಿಂದ ಇಂಗ್ಲಿಷರೊಡನೆ ಗುಟ್ಟಾಗಿ ಮಾತುಕತೆ ನಡೆಸುತ್ತಿದ್ದಳು. ಟಿಪ್ಪು ಹೊರಗೆ ಹೋದರೆ ಒಳಗೆ ಏನಾದೀತೆಂಬ ಅಳುಕು ಬರೀ ಹುಸಿಯಾಗಿರಲಿಲ್ಲ. ಹೈದರನಿಗಿದ್ದ ದಂಡಿನ ನಾಯಕನ ಸ್ವಾತಂತ್ರ್ಯ ಪಾದಶಹನಾದ ಮಗನಿಗೆ ಉಳಿದಿರಲಿಲ್ಲ.

ಈ ತೊಡಕು ಮೈಸೂರಿಗೆ ಮಾತ್ರ ಬಂದದ್ದಲ್ಲ. ಮುಂದಿನ ಶತಮಾನದಲ್ಲಿ ದಕ್ಷಿಣ ಅಮೆರಿಕದ ಗಣರಾಜ್ಯಗಳಲ್ಲಿ ಸೇನಾನಿಗಳೇ ಅಧ್ಯಕ್ಷರಾದಾಗ ಅಲ್ಲೂ ಹೀಗೇ ಆಯಿತು. ಬೊಲಿವಿಯದ ಹಿಲಾರಿಯೊನ್ ದಾಸಾ 1876ರಲ್ಲಿ ದಂಗೆಯಿಂದ ಅಧಿಕಾರ ಹಿಡಿದವನು. 1879ರಲ್ಲಿ ಚಿಲಿಯೊಡನೆ ಯುದ್ಧ ಬಂದಾಗ ಮಿತ್ರರಾದ ಪೆರುವಿನವರನ್ನು ಕೂಡಿಕೊಳ್ಳಲು ನವೆಂಬರ್‌ನಲ್ಲಿ ಅರಿಕಾದಿಂದ ಮರುಭೂಮಿಯೊಳಗೆ ದಂಡು ನಡೆಸಿ, ಕಮರೋನೆಸ್ ಎಂಬಲ್ಲಿಂದ ಹಿಂದಿರುಗಿಬಿಟ್ಟ. ಅವನಿಲ್ಲದೆ ಹೋರಾಡಿದ ಮಿತ್ರರ ದಂಡು ನವೆಂಬರ್ 19ರಂದು ಸಾನ್ ಫ್ರಾನ್ಸಿಸ್ಕೊ ಬೆಟ್ಟದ ಬಳಿ ಸೋತಿತು. ಡಿಸೆಂಬರ್ ಮುಗಿಯುವುದರೊಳಗೆ ಅವನ ಸೈನ್ಯವೇ ಅವನನ್ನು ಕೆಳಗಿಳಿಸಿತು. ಪರಾಗ್ವೆಯ ಫ್ರಾನ್ಸಿಸ್ಕೊ ಸೊಲಾನೊ ಲೋಪೆಸ್‌ನ ಕಥೆ ಟಿಪ್ಪುವಿಗೆ ಇನ್ನೂ ಹತ್ತಿರದ್ದು. ಬ್ರೆಜಿಲ್, ಅರ್ಜೆಂಟೀನ, ಉರುಗ್ವೆ ಮೂರನ್ನೂ ಎದುರುಹಾಕಿಕೊಂಡು, ನದಿಯ ತಿರುವಿನ ಉಮೈತಾ ಕೋಟೆಯನ್ನು ನೆಚ್ಚಿ ಕೂತ. 1868ರ ಫೆಬ್ರವರಿಯಲ್ಲಿ ಬ್ರೆಜಿಲ್‌ನ ಕಬ್ಬಿಣದ ಕವಚದ ಹಡಗುಗಳು ಕೋಟೆಯನ್ನು ದಾಟಿ ಮುಂದೆ ಹೋದವು, ಜುಲೈನಲ್ಲಿ ಕೋಟೆಯೂ ಹೋಯಿತು. ಅಲ್ಲಿಂದ ಮುಂದೆ ಅವನು ಗೆಲ್ಲಲಾರದ ಯುದ್ಧವನ್ನು ಎಳೆದು 1870ರ ಮಾರ್ಚ್ 1ರಂದು ಕಾದಾಡುತ್ತಲೇ ಸತ್ತ. ಉಮೈತಾ ಎರಡು ವರ್ಷಕ್ಕೂ ಮಿಕ್ಕಿ ನಿಂತಿತು, ಸಾವನದುರ್ಗ ಹನ್ನೊಂದು ದಿನ. ಉಮೈತಾದ ಬೆನ್ನಿಗೆ ಲೋಪೆಸ್ ತನ್ನ ದಂಡಿನೊಂದಿಗೆ ತಾನೇ ಇದ್ದ ಎಂಬುದು ಈ ವ್ಯತ್ಯಾಸಕ್ಕೆ ದೊಡ್ಡ ಕಾರಣ.

ಬೆಟ್ಟಗಳು ಬಿದ್ದ ಮೇಲಿನದು 1791ರ ಮೇ ತಿಂಗಳ ಲೆಕ್ಕಕ್ಕೆ ತದ್ವಿರುದ್ಧ. ಕಂಪನಿ, ನಿಜಾಮ, ಮರಾಠರ ದಂಡುಗಳು ಹುತ್ರಿದುರ್ಗದ ಸುತ್ತಮುತ್ತ ನೆರೆದವು. ಎಂಟು ತಿಂಗಳ ಹಿಂದೆ ಎತ್ತುಗಳು ಸತ್ತುಬಿದ್ದ ಈ ನಡುನಾಡೇ ಈಗ ಅವುಗಳ ಉಗ್ರಾಣವಾಯಿತು. ಜನವರಿ ಕೊನೆಗೆ ಹೊರಟು ಫೆಬ್ರವರಿ 5ರಂದು ಶ್ರೀರಂಗಪಟ್ಟಣ ಮುಟ್ಟಿದರು, 6ರ ರಾತ್ರಿಯೇ ಹೊರಕೋಟೆಗಳ ಮೇಲೆ ಬಿದ್ದರು. ಆ ತಿಂಗಳು ಮುಗಿಯುವ ಮೊದಲೇ ಟಿಪ್ಪು ಸಂಧಿಗೆ ಒಪ್ಪಿದ. ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಒತ್ತೆಯಾಗಿ ಇಬ್ಬರು ಎಳೆಯ ಮಕ್ಕಳು, ಅಬ್ದುಲ್ ಖಾಲಿಕ್ ಮತ್ತು ಮೊಯಿಜುದ್ದೀನ್. ಮಲಬಾರು, ಕೊಡಗು, ದಿಂಡಿಗಲ್, ಬಾರಾಮಹಲು ಹೋದವು. ಬಾರಾಮಹಲು ಎಂದರೆ ಮೈಸೂರಿಗೆ ಪೂರ್ವದ ಬಾಗಿಲು.

ಇದಾದ ಮೇಲೂ ಟಿಪ್ಪು ಏಳು ವರ್ಷ ಆಳಿದ, ಹಣ ತೀರಿಸಿ 1794ರಲ್ಲಿ ಮಕ್ಕಳನ್ನು ಬಿಡಿಸಿಕೊಂಡ, ದಂಡು ಕಟ್ಟಿದ, ಫ್ರೆಂಚರಿಗೆ ಕಾಗದ ಬರೆದ. ಹಾಗಿದ್ದ ಮೇಲೆ 1792ನ್ನು ಪತನ ಎನ್ನುವುದು ಸರಿಯೇ? ಸರಿ ಎಂಬುದಕ್ಕೆ ಟಿಪ್ಪುವಿನ ನಡೆಯೇ ಆಧಾರ. ಸಂಧಿಯ ಮೇಲೆ ಬೆಂಗಳೂರು ಮರಳಿ ಬಂದಾಗ ಅದರ ಕೋಟೆಯನ್ನು ಅವನು ಕೆಡವಿಸಿದ. ಕಂಪನಿಯ ಎದುರು ಇದರಿಂದ ಪ್ರಯೋಜನವಿಲ್ಲ ಎಂದು ಅವನಿಗೆ ಅನ್ನಿಸಿತ್ತು ಎಂದು 1800ರಲ್ಲಿ ಈ ನಾಡಿನಲ್ಲಿ ಸುತ್ತಿದ ಬುಕಾನನ್ ಬರೆದಿದ್ದಾನೆ. 1799ರಲ್ಲಿ ಕಂಪನಿಯ ಸೇನಾಪತಿ ಹ್ಯಾರಿಸ್ ಮತ್ತೆ ಅದೇ ಕನಕಪುರದ ದಾರಿಯಲ್ಲಿ ಬಂದ. ಮಾರ್ಚ್ 5ರಂದು ಮೈಸೂರಿನ ಗಡಿ ದಾಟಿ, ಮಾರ್ಚ್ 27ರಂದು ಮಳವಳ್ಳಿಯಲ್ಲಿ ಗೆದ್ದು, ಸೋಸಲೆಯಲ್ಲಿ ಕಾವೇರಿ ದಾಟಿದ. ದಾರಿಯಲ್ಲಿ ಒಂದು ಬೆಟ್ಟಕ್ಕೂ ಮುತ್ತಿಗೆ ಹಾಕಬೇಕಾಗಲಿಲ್ಲ. 1791ರಲ್ಲಿ ಹನ್ನೆರಡು ತಿಂಗಳು ಹಿಡಿದದ್ದು 1799ರಲ್ಲಿ ಎರಡು ತಿಂಗಳಲ್ಲಿ ಮುಗಿಯಿತು. ಮಾಗಡಿ ಸೀಮೆ ಆ ಕೊನೆಯ ಯುದ್ಧದಲ್ಲಿ ಯಾರಿಗೂ ತಡೆಯಾಗಲಿಲ್ಲ.

ಯುದ್ಧದ ಲೆಕ್ಕದಲ್ಲಿ ಸೇರದ ನಷ್ಟವನ್ನು ತೆತ್ತವರು ಇಲ್ಲಿನ ಜನ. ಚನ್ನಪಟ್ಟಣ ಅಂದು ವೀಣೆ ತಂಬೂರಿಗಳ ಉಕ್ಕಿನ ತಂತಿಗೂ ಗಾಜಿನ ಬಳೆಗೂ ಹೆಸರಾಗಿತ್ತು, ಮಾಗಡಿಯ ಕಾಡಂಚಿನಲ್ಲಿ ಕಬ್ಬಿಣ ಕರಗಿಸುವ ಕುಲುಮೆಗಳಿದ್ದವು. ದಂಡುಗಳು ಎರಡೆರಡು ಸಲ ಹಾದುಹೋದ ದಾರಿಯಲ್ಲಿ ಕುಲುಮೆ ಹೊತ್ತಿಸುವುದು ಎಷ್ಟು ಕಷ್ಟವೋ, ಮತ್ತೆ ಉತ್ತು ಬಿತ್ತುವುದೂ ಅಷ್ಟೇ ಕಷ್ಟ. ಟಿಪ್ಪು ಸುಡಿಸಿದ ಬಣವೆಗಳು ಅವನದೇ ರೈತರವು, ಅವರ ತ್ಯಾಗದಿಂದ ದೊರೆತ ಆರು ತಿಂಗಳನ್ನು ಅವನು ಕೈಯಾರೆ ಕಳೆದ. ಶ್ರೀರಂಗಪಟ್ಟಣದಲ್ಲಿ ಅವನು ಸತ್ತ ರೀತಿಗೆ ನಾವು ಕೊಡುವ ಗೌರವ ಸರಿಯಾದದ್ದೇ. ಆದರೆ ಕನಕಪುರದ ರೈತನಿಗೆ ಅವನು ಉಳಿಸಿಕೊಂಡ ಬಾಕಿಯನ್ನು ಆ ಗೌರವದಲ್ಲಿ ಮರೆಯಬಾರದು.

ಯುದ್ಧ ಮುಗಿದ ಮರುವರ್ಷ, 1800ರಲ್ಲಿ, ದಿವಾನ್ ಪೂರ್ಣಯ್ಯ ರಾಮಗಿರಿಯ ಬುಡದಲ್ಲಿ, ಕಾಡು ಬೆಳೆದು ನಿಂತಿದ್ದ ಜಾಗದಲ್ಲಿ, ಒಂದು ಪೇಟೆ ಕಟ್ಟಿಸಿ ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ಹೆಸರಿಟ್ಟ. ಅದೇ ಕ್ಲೋಸ್‌ಪೇಟೆ, ಇಂದಿನ ರಾಮನಗರ. ಅದನ್ನು ಕಟ್ಟಿಸಿದ ಉದ್ದೇಶ ಬೆಂಗಳೂರು–ಶ್ರೀರಂಗಪಟ್ಟಣದ ಹೆದ್ದಾರಿಯನ್ನು ಸುರಕ್ಷಿತವಾಗಿಡುವುದಾಗಿತ್ತು.